ನೋಟಿಸ್ ಇಲ್ಲದ ಲಿಲಾವು



2025ರ ಅಕ್ಟೋಬರ್ 11, ಶನಿವಾರ ಬೆಳಿಗ್ಗೆ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಕುಷ್ಟಗಿ ತಾಲ್ಲೂಕಿನ ಹುಡುಗ. ನಮ್ಮಲ್ಲೇ ವಾಣಿಜ್ಯ ವಿಭಾಗದಲ್ಲಿ ಓದಿ, ಡಿಗ್ರಿ ಮುಗಿಸಿ, ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಸಲಾಂ ಹೇಳಿದ, ಮನೆಯವರನ್ನೆಲ್ಲ ವಿಚಾರಿಸಿದ, ಆಮೇಲೆ ಸುಮ್ಮನಾದ. ಏನಾಯಿತಪ್ಪಾ ಅಂದೆ.

"ಸರ್, ರಾತ್ರಿ ಮಲಗೂಮುಂದ ಎಲ್ಲಾ ಬರೋಬ್ಬರಿ ಇತ್ರಿ. ಫಜರ್ ನಮಾಝಿಗೆ ಎದ್ದು ಮೊಬೈಲ್ ನೋಡಿದ್ರ, ಒತ್ತಿ ಇಟ್ಟಿದ್ದ ಈಥರ್‌ನ್ಯಾಗ ಅರ್ಧದ ಹತ್ತಿರ ಹೋಗಿಬಿಟ್ಟಿತ್ತು. ಒಂದು ಫೋನ್ ಇಲ್ಲ, ಒಂದು ಪತ್ರ ಇಲ್ಲ. ಯಾರಿಗೆ ಕಂಪ್ಲೇಂಟ್ ಕೊಡ್ಬೇಕ್ರಿ?"

ನಡೆದದ್ದು ಇಷ್ಟು. ಸಂಬಳದಲ್ಲಿ ಉಳಿಸಿದ ಹಣದಿಂದ ಅವನು ಈಥರ್ ಎಂಬ ಕ್ರಿಪ್ಟೊ ನಾಣ್ಯ ಕೊಂಡಿಟ್ಟಿದ್ದ. ತಂಗಿಯ ನಿಕಾಹ್ ಗೊತ್ತಾಯಿತು, ಹಣ ಬೇಕಾಯಿತು. ಮಾರಿದರೆ ಲಾಭದ ಮೇಲೆ ನೂರಕ್ಕೆ 30 ತೆರಿಗೆ ಕಟ್ಟಬೇಕು. ಬೆಲೆ ಇನ್ನೂ ಏರಬಹುದು ಎಂಬ ಆಸೆ ಬೇರೆ. ಹಾಗಾಗಿ ಮಾರದೆ ಅದನ್ನೇ ಒತ್ತೆಯಿಟ್ಟು ಸಾಲ ತೆಗೆದ. ಬ್ಯಾಂಕಿನಲ್ಲಲ್ಲ, ಫೈನಾನ್ಸ್ ಕಂಪನಿಯಲ್ಲೂ ಅಲ್ಲ. ಇಂಟರ್ನೆಟ್ಟಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಒಂದು ತಾನೇ ನಡೆಸುವ, ಕೌಂಟರಿನ ಹಿಂದೆ ಮನುಷ್ಯರೇ ಇಲ್ಲದ ಸಾಲದ ಪೇಟೆಯಲ್ಲಿ. ಇದನ್ನು ವಿಕೇಂದ್ರೀಕೃತ ಸಾಲ ಮಾರುಕಟ್ಟೆ ಎನ್ನುತ್ತಾರೆ.

ಹತ್ತು ವರ್ಷದಿಂದ ಲೆಕ್ಕಶಾಸ್ತ್ರ ಕಲಿಸುತ್ತಿರುವ ನಾನು ಆ ದಿನ ಅವನಿಗೆ ಸರಿಯಾದ ಉತ್ತರ ಕೊಡಲಿಲ್ಲ. ನನಗೇ ಗೊತ್ತಿರಲಿಲ್ಲ. ಆಮೇಲೆ ಕೆಲವು ವಾರ ಓದಿದೆ, ಅವನ ಜೊತೆ ಕೂತು ಲೆಕ್ಕ ಹಾಕಿದೆ. ಅವನ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಆ ಓದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ಕಾಗದಪತ್ರ ಬೇಡ, ಜಾಮೀನುದಾರ ಬೇಡ, ಐದು ನಿಮಿಷದಲ್ಲಿ ಸಾಲ ಎಂಬ ಟೆಲಿಗ್ರಾಂ ಸಂದೇಶಗಳನ್ನು ದ್ವಿತೀಯ ಪಿಯುಸಿಯವರೇ ನನಗೆ ತೋರಿಸಿ, "ಇದು ಖರೇ ಏನ್ರಿ ಸರ್?" ಎಂದು ಕೇಳುತ್ತಿದ್ದಾರೆ.

ಮೊದಲು ಒಂದು ಪದದ ಗೊಂದಲ ಬಿಡಿಸುತ್ತೇನೆ. ಲಿಕ್ವಿಡೇಶನ್ ಎಂದರೆ ನೀವು ಓದಿದ್ದು ಕಂಪನಿಯ ಸಮಾಪನೆ: ಕಂಪನಿ ಮುಚ್ಚುತ್ತದೆ, ಆಸ್ತಿ ಮಾರಿ ಸಾಲ ತೀರಿಸುತ್ತಾರೆ. ಇಲ್ಲಿ ಯಾವ ಕಂಪನಿಯೂ ಮುಚ್ಚುವುದಿಲ್ಲ. ಒಬ್ಬ ಸಾಲಗಾರನ ಒತ್ತೆಯನ್ನು ಮಾರಿ ಅವನ ಸಾಲ ತೀರಿಸುವುದಕ್ಕೆ ಅದೇ ಪದ ಬಳಸುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಒತ್ತೆ ಲಿಲಾವಿಗೆ ಹೋಯಿತು, ಅಷ್ಟೇ.

ಲಿಲಾವು ಎಂಬ ಪದ ನಮ್ಮ ಮನೆಗೆ ಹೊಸದಲ್ಲ. ಅಬ್ಬಾ ಗಂಗಾವತಿ ಹತ್ತಿರ ಐದು ಎಕರೆ ಲಾವಣಿ ಹಾಕಿಕೊಂಡು ಭತ್ತ ಮಾಡುತ್ತಿದ್ದರು. 2012ರ ಆಗಸ್ಟಿನಲ್ಲಿ ನಾಟಿಗೆ, ಗೊಬ್ಬರಕ್ಕೆ ಹಣ ಸಾಲದೆ ಅಮ್ಮಿಯ ಲಚ್ಛಾ ಮತ್ತು ಎರಡು ಬಳೆ, ಒಟ್ಟು 40 ಗ್ರಾಂ, ಒಂದು ಖಾಸಗಿ ಸಾಲದ ಕಚೇರಿಯಲ್ಲಿ ಅಡವಿಟ್ಟರು. (ಲಚ್ಛಾ ಎಂದರೆ ಮದುವೆಯಲ್ಲಿ ಹಾಕುವ, ಕರಿಮಣಿ ಪೋಣಿಸಿದ ಬಂಗಾರದ ಸರ. ನಮ್ಮ ಮನೆಗಳಲ್ಲಿ ಅದನ್ನು ಅಡವಿಡುವುದು ಕೊನೆಯ ದಾರಿ.) ಆಗ 22 ಕ್ಯಾರಟ್ ಬಂಗಾರ ಗ್ರಾಂಗೆ 2,800 ರೂಪಾಯಿ ಆಸುಪಾಸು. ಅದೇ ವರ್ಷದ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ಬಂಗಾರದ ಸಾಲ ಕೊಡುವ ಫೈನಾನ್ಸ್ ಕಂಪನಿಗಳಿಗೆ ಬಂಗಾರದ ಬೆಲೆಯ ನೂರಕ್ಕೆ 60ಕ್ಕಿಂತ ಹೆಚ್ಚು ಸಾಲ ಕೊಡಬೇಡಿ ಎಂದು ಮಿತಿ ಹಾಕಿತ್ತು. 1,12,000 ರೂಪಾಯಿ ಬೆಲೆಯ ಒಡವೆಗೆ 67,000 ಸಿಕ್ಕಿತು.

ಆ ಸಲ ಭತ್ತ ಮಾರಿದ ದುಡ್ಡು ಲಾವಣಿಗೂ ಗೊಬ್ಬರದ ಅಂಗಡಿಯ ಬಾಕಿಗೂ ಹೋಯಿತು. ಒಡವೆ ಬಿಡಿಸಲು ಆಗಲಿಲ್ಲ. ಬಡ್ಡಿ ಬೆಳೆಯಿತು. ಇತ್ತ 2013ರ ಏಪ್ರಿಲ್ 12 ಮತ್ತು 15, ಎರಡೇ ವಹಿವಾಟಿನ ದಿನಗಳಲ್ಲಿ, ಜಗತ್ತಿನ ಮಾರುಕಟ್ಟೆಯಲ್ಲಿ ಬಂಗಾರ ನೂರಕ್ಕೆ ಹನ್ನೆರಡು ಹದಿಮೂರರಷ್ಟು ಬಿತ್ತು. ಮೇ ತಿಂಗಳಲ್ಲಿ ಮನೆಗೆ ಒಂದು ರಿಜಿಸ್ಟರ್ ಪತ್ರ ಬಂತು. ಎರಡು ಪುಟ, ಪೂರ್ತಿ ಇಂಗ್ಲಿಷ್. ಅಬ್ಬಾ ಸಹಿ ಹಾಕಿ ತೆಗೆದುಕೊಂಡು, ನಾನು ಊರಿಗೆ ಬಂದಾಗ ಓದಿಸಿದರಾಯಿತು ಎಂದು ಗೋಡೆಯ ಗೂಡಿನಲ್ಲಿ ಇಟ್ಟರು. ನಾನು ಆಗ ಧಾರವಾಡದಲ್ಲಿ ಎಂ.ಕಾಂ. ಓದುತ್ತಿದ್ದೆ. ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದೆ. ಪತ್ರದ ಮಾತು ಒಮ್ಮೆಯೂ ಬರಲಿಲ್ಲ. ಜೂನ್ ಕೊನೆಗೆ ಊರಿಗೆ ಹೋಗಿ ಅದನ್ನು ಒಡೆದಾಗ ಅದರಲ್ಲಿದ್ದ ತಾರೀಖು ದಾಟಿ ಹನ್ನೊಂದು ದಿನವಾಗಿತ್ತು. ಒಡವೆ 95,000ಕ್ಕೆ ಹರಾಜಾಗಿತ್ತು. ಬಡ್ಡಿ, ಖರ್ಚು ಸೇರಿ ನಮ್ಮ ಬಾಕಿ ಸುಮಾರು 82,000. ಉಳಿದ ಹಣ ನಮ್ಮದು ಎಂದು ಅಬ್ಬಾನಿಗೆ ಯಾರೂ ಹೇಳಿರಲಿಲ್ಲ. ನಾನು ಮೂರು ಸಲ ಹೋಗಿ ಕೇಳಿದ ಮೇಲೆ 12 ಸಾವಿರ ಚಿಲ್ಲರೆಯ ಚೆಕ್ ಕೊಟ್ಟರು.

ಆಗ ನನಗೆ ಆ ಕಚೇರಿಯ ಮೇಲೆ ಬಹಳ ಸಿಟ್ಟಿತ್ತು. ಈಗಲೂ ಇಂಗ್ಲಿಷ್ ಪತ್ರದ ಬಗ್ಗೆ ಸಿಟ್ಟಿದೆ. ಆದರೆ ಕುಷ್ಟಗಿಯ ಹುಡುಗನ ಕಥೆಯ ಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಮಗೆ ಒಂದು ತಿಂಗಳಿಗೂ ಹೆಚ್ಚು ಸಮಯ ಇತ್ತು. ಪತ್ರ ಬಂದಿತ್ತು. ಕೇಳಲು ಒಂದು ಬಾಗಿಲು ಇತ್ತು, ಉಳಿಕೆ ಹಣ ವಾಪಸ್ ಬಂತು. ಇವು ಯಾರೂ ದಯೆಯಿಂದ ಕೊಟ್ಟದ್ದಲ್ಲ, ಕಾನೂನಿನಲ್ಲಿ ಇದ್ದವು.

1872ರ ಭಾರತೀಯ ಕರಾರು ಅಧಿನಿಯಮದ ಹೆಸರು ವಾಣಿಜ್ಯದವರಿಗೆ ಪರಿಚಯ. ಅದರ 172ನೇ ಕಲಮು ಒತ್ತೆ ಎಂದರೇನು ಎಂದು ಹೇಳುತ್ತದೆ. 176ನೇ ಕಲಮು ಒತ್ತೆ ಇಟ್ಟುಕೊಂಡವನಿಗೆ ಮಾರುವ ಹಕ್ಕು ಕೊಡುತ್ತದೆ, ಆದರೆ ಸಮಂಜಸವಾದ ನೋಟಿಸ್ ಕೊಟ್ಟ ಮೇಲೆ ಮಾತ್ರ. ಮಾರಿದ ಹಣ ಬಾಕಿಗಿಂತ ಹೆಚ್ಚಾದರೆ ಉಳಿದದ್ದನ್ನು ಒತ್ತೆ ಇಟ್ಟವನಿಗೆ ಕೊಡಬೇಕು. ಕಡಿಮೆಯಾದರೆ ಉಳಿದ ಬಾಕಿಗೆ ಅವನೇ ಹೊಣೆ. 177ನೇ ಕಲಮು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಗಡುವು ಮೀರಿದ್ದರೂ ಸರಿ, ವಸ್ತು ನಿಜವಾಗಿ ಮಾರಾಟವಾಗುವ ಕ್ಷಣದ ತನಕ ಸಾಲ ತೀರಿಸಿ, ತಡವಾದದ್ದರ ಖರ್ಚು ಕೊಟ್ಟು ಬಿಡಿಸಿಕೊಳ್ಳಬಹುದು. ನೂರೈವತ್ತು ವರ್ಷದ ಹಿಂದಿನ ಈ ಮೂರು ಕಲಮುಗಳಲ್ಲಿ ಇರುವುದು ಸಾಲಗಾರನಿಗೆ ಕೊಟ್ಟ ಸಮಯ.

ಈಗ ಆ ಇನ್ನೊಂದು ಪೇಟೆಗೆ ಬರೋಣ. ಇಂಥವುಗಳಲ್ಲಿ ಹೆಸರಾದದ್ದು ಆವೆ. ಫಿನ್ಲೆಂಡಿನಲ್ಲಿ ಶುರುವಾದದ್ದು, ಫಿನ್ನಿಷ್ ಭಾಷೆಯಲ್ಲಿ ಆವೆ ಎಂದರೆ ದೆವ್ವ. ಕಾಂಪೌಂಡ್, 2024ರವರೆಗೆ ಮೇಕರ್‌ಡಾವ್ ಎಂಬ ಹೆಸರಿದ್ದ ಪೇಟೆ ಇನ್ನೆರಡು. ಆವೆ, ಕಾಂಪೌಂಡ್‌ಗಳ ಕೆಲಸದ ಕ್ರಮ ಹೀಗಿದೆ. ಕೆಲವರು ತಮ್ಮ ನಾಣ್ಯಗಳನ್ನು ಒಂದು ಸಾಮಾನ್ಯ ಹುಂಡಿಯಲ್ಲಿ ಹಾಕುತ್ತಾರೆ, ಅದಕ್ಕೆ ಬಡ್ಡಿ ಪಡೆಯುತ್ತಾರೆ. ಬೇರೆಯವರು ತಮ್ಮ ನಾಣ್ಯವನ್ನು ಒತ್ತೆಯಿಟ್ಟು ಆ ಹುಂಡಿಯಿಂದ ಸಾಲ ಎತ್ತುತ್ತಾರೆ. ಸಾಮಾನ್ಯವಾಗಿ ಈಥರ್ ಒತ್ತೆ ಇಟ್ಟು, ಡಾಲರಿನ ಬೆಲೆಗೆ ಕಟ್ಟಿಹಾಕಿದ ನಾಣ್ಯವನ್ನು ಸಾಲ ಪಡೆಯುತ್ತಾರೆ. ಹುಂಡಿಯನ್ನು ಕಾಯುವುದು ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂಬ ಪ್ರೋಗ್ರಾಮ್. ನಿಯಮಗಳೆಲ್ಲ ಅದರಲ್ಲೇ ಬರೆದಿರುತ್ತವೆ, ಯಾರು ಬೇಕಾದರೂ ಓದಬಹುದು.

ಆ ಪ್ರೋಗ್ರಾಮ್ ನಿಮ್ಮ ಹೆಸರು ಕೇಳುವುದಿಲ್ಲ, ಆಧಾರ್ ಕೇಳುವುದಿಲ್ಲ, ಸಿಬಿಲ್ ಸ್ಕೋರ್ ನೋಡುವುದಿಲ್ಲ. ಹುಡುಗರಿಗೆ ಇಷ್ಟವಾಗುವುದು ಇದೇ. ಆದರೆ ಇದರ ಇನ್ನೊಂದು ಮುಖ ನೋಡಿ. ನೀವು ಯಾರು ಎಂದು ಗೊತ್ತಿಲ್ಲದವನು ನಿಮ್ಮ ಮನೆ ಬಾಗಿಲಿಗೆ ಬಂದು ಸಾಲ ಕೇಳಲಾರ, ಕೋರ್ಟಿಗೂ ಹೋಗಲಾರ. ಒತ್ತೆಯ ಬೆಲೆ ಸಾಲಕ್ಕಿಂತ ಕೆಳಗೆ ಇಳಿದರೆ ಸಾಲಗಾರ ಸುಮ್ಮನೆ ಎದ್ದು ಹೋಗುತ್ತಾನೆ, ನಷ್ಟ ಹುಂಡಿಗೆ ಹಣ ಹಾಕಿದವರ ತಲೆಗೆ. ಹಾಗಾಗಿ ಒತ್ತೆಯಲ್ಲಿ ಇನ್ನೂ ಸ್ವಲ್ಪ ಬೆಲೆ ಉಳಿದಿರುವಾಗಲೇ, ಕೂಡಲೇ, ಮಾರಲೇಬೇಕು. ಕಾಯುವಂತಿಲ್ಲ. ನೋಟಿಸ್ ಕಳಿಸೋಣವೆಂದರೆ ವಿಳಾಸ ಎಲ್ಲಿದೆ? ಹೆಸರು ಕೇಳದ ಸಾಲಕ್ಕೆ ನೀವು ಕೊಡುವ ಬೆಲೆ ಆ ಸಮಯವೇ. ನಾನು ಇಷ್ಟು ವಾರ ಓದಿ ತಿಳಿದುಕೊಂಡದ್ದರಲ್ಲಿ ಮುಖ್ಯವಾದದ್ದು ಇದು.

ಲೆಕ್ಕಕ್ಕೆ ಬರೋಣ. ಸುಲಭವಾಗಲಿ ಎಂದು ದುಂಡು ಸಂಖ್ಯೆ ತೆಗೆದುಕೊಳ್ಳುತ್ತೇನೆ. ಪೆನ್ನು ಹಿಡಿದು ಜೊತೆಗೆ ಮಾಡಿ.

ಒಬ್ಬನ ಹತ್ತಿರ 1 ಈಥರ್ ಇದೆ, ಬೆಲೆ 4,000 ಡಾಲರ್. ಅದನ್ನು ಒತ್ತೆಯಿಟ್ಟು 2,900 ಡಾಲರ್ ಸಾಲ ಎತ್ತಿದ. ಈ ಪೇಟೆಯ ನಿಯಮದಲ್ಲಿ ಲಿಕ್ವಿಡೇಶನ್ ಮಿತಿ ನೂರಕ್ಕೆ 80 ಎಂದಿಟ್ಟುಕೊಳ್ಳಿ. ಅಂದರೆ ಸಾಲ ಒತ್ತೆಯ ಬೆಲೆಯ ನೂರಕ್ಕೆ 80ರ ಒಳಗಿರಬೇಕು. ಇದನ್ನು ಒಂದೇ ಸಂಖ್ಯೆಯಲ್ಲಿ ನೋಡಲು ಹೆಲ್ತ್ ಫ್ಯಾಕ್ಟರ್ ಎಂಬ ಅನುಪಾತ ಬಳಸುತ್ತಾರೆ. ಒತ್ತೆಯ ಬೆಲೆಯನ್ನು ಮಿತಿಯಿಂದ ಗುಣಿಸಿ, ಸಾಲದಿಂದ ಭಾಗಿಸಬೇಕು. 4,000 ಗುಣಿಸು 0.80, ಅಂದರೆ 3,200. ಅದನ್ನು 2,900ರಿಂದ ಭಾಗಿಸಿದರೆ 1.10. ಈ ಸಂಖ್ಯೆ 1ರ ಮೇಲಿದ್ದರೆ ಯಾರೂ ಮುಟ್ಟುವಂತಿಲ್ಲ. 1ಕ್ಕಿಂತ ಕೂದಲೆಳೆ ಕಡಿಮೆಯಾದರೂ ಯಾರು ಬೇಕಾದರೂ ಮುಟ್ಟಬಹುದು. ನೀವು ಅನುಪಾತ ವಿಶ್ಲೇಷಣೆಯಲ್ಲಿ ಓದುವ ಲಿಕ್ವಿಡ್ ಅನುಪಾತ 1ಕ್ಕಿಂತ ಕಡಿಮೆಯಾದರೆ ಲೆಕ್ಕಪರಿಶೋಧಕರು ಹುಬ್ಬೇರಿಸುತ್ತಾರೆ, ಅಷ್ಟೇ. ಇಲ್ಲಿ ಮಾಲೇ ಹೋಗುತ್ತದೆ.

ಯಾವ ಬೆಲೆಗೆ ಅದು 1 ಆಗುತ್ತದೆ? 2,900 ಭಾಗಿಸು 0.80, ಅಂದರೆ 3,625 ಡಾಲರ್. ನಾಲ್ಕು ಸಾವಿರದಿಂದ ಅಲ್ಲಿಗೆ ನೂರಕ್ಕೆ 9.4ರಷ್ಟು ಮಾತ್ರ ಇಳಿಕೆ. ಈಥರ್ ಒಂದೇ ದಿನದಲ್ಲಿ ಅಷ್ಟು ಇಳಿದ ಉದಾಹರಣೆಗಳು ಬಹಳ ಇವೆ.

ಈಗ ಬೆಲೆ 3,600ಕ್ಕೆ ಬಂತು. ಹೆಲ್ತ್ ಫ್ಯಾಕ್ಟರ್ 0.99. ಪ್ರೋಗ್ರಾಮ್ ತಾನಾಗಿ ಎದ್ದು ಏನೂ ಮಾಡುವುದಿಲ್ಲ, ಅದನ್ನು ಯಾರಾದರೂ ಹೊರಗಿನಿಂದ ತಟ್ಟಿ ಎಬ್ಬಿಸಬೇಕು. ಹಾಗೆ ಎಬ್ಬಿಸುವವನೇ ಲಿಕ್ವಿಡೇಟರ್. ಅವನು ನಮ್ಮ ಸಾಲಗಾರನ ಸಾಲದಲ್ಲಿ ಅರ್ಧ, 1,450 ಡಾಲರ್, ತಾನು ಕಟ್ಟುತ್ತಾನೆ. ಬದಲಿಗೆ ಅಷ್ಟೇ ಬೆಲೆಯ ಈಥರ್ ಅಲ್ಲ, ಅದರ ಮೇಲೆ ನೂರಕ್ಕೆ 5 ಹೆಚ್ಚು, 1,522.50 ಡಾಲರ್ ಬೆಲೆಯ ಈಥರ್ ಎತ್ತಿಕೊಳ್ಳುತ್ತಾನೆ. 3,600ರಂತೆ ಅದು 0.423 ಈಥರ್. ಈ ನೂರಕ್ಕೆ 5 ಅವನ ಕೂಲಿ. ಕೂಲಿ ಇಲ್ಲದಿದ್ದರೆ ನಡುರಾತ್ರಿಯಲ್ಲಿ ಬೇರೆಯವರ ಸಾಲ ತೀರಿಸಲು ಯಾರು ಬರುತ್ತಾರೆ? ನಿಜ ಹೇಳಬೇಕೆಂದರೆ ಅವನು ಮನುಷ್ಯನೂ ಅಲ್ಲ, ಬಹುತೇಕ ಬಾಟ್‌ಗಳು, ಅಂದರೆ ಹಗಲು ರಾತ್ರಿ ಎಲ್ಲರ ಹೆಲ್ತ್ ಫ್ಯಾಕ್ಟರ್ ನೋಡುತ್ತ ಕೂತ ಪ್ರೋಗ್ರಾಮ್‌ಗಳು. ಒಂದೇ ಒತ್ತೆಗೆ ಹತ್ತಾರು ಬಾಟ್‌ಗಳು ಕೈ ಚಾಚುತ್ತವೆ, ಮೊದಲು ಮುಟ್ಟಿದ್ದಕ್ಕೆ ಸಿಗುತ್ತದೆ. ಅರ್ಧ ಎಂಬುದೂ ಸಾಮಾನ್ಯ ನಿಯಮ ಮಾತ್ರ. ಬೆಲೆ ತೀರಾ ಕುಸಿದಿದ್ದರೆ ಪೂರ್ತಿ ಸಾಲವನ್ನೇ ಕಟ್ಟಿ ಒತ್ತೆ ಎತ್ತಲು ಅವಕಾಶ ಇರುತ್ತದೆ.

ಉಳಿದದ್ದು ನೋಡಿ. ನಮ್ಮವನ ಹತ್ತಿರ 0.577 ಈಥರ್, ಅದರ ಬೆಲೆ 2,077.50, ಸಾಲ 1,450. ಹೆಲ್ತ್ ಫ್ಯಾಕ್ಟರ್ 1.15ಕ್ಕೆ ಏರಿತು. ಪ್ರೋಗ್ರಾಮ್ ದೃಷ್ಟಿಯಲ್ಲಿ ಅವನಿಗೆ ಚಿಕಿತ್ಸೆ ಆಯಿತು! ಅವನ ದೃಷ್ಟಿಯಲ್ಲಿ ಏನಾಯಿತು? ಎರಡು ದಿನ ಬಿಟ್ಟು ಬೆಲೆ ಮತ್ತೆ 4,000ಕ್ಕೆ ಬಂದಿತೆನ್ನಿ. ರಾತ್ರಿ ಯಾರೂ ಮುಟ್ಟದಿದ್ದರೆ ಅವನ ನಿವ್ವಳ ಪಾಲು 4,000 ಕಳೆ 2,900, ಅಂದರೆ 1,100 ಡಾಲರ್ ಇರುತ್ತಿತ್ತು. ಈಗ 0.577 ಈಥರಿಗೆ 2,308, ಸಾಲ 1,450 ಕಳೆದರೆ 858. ಕಡಿಮೆಯಾದ 242 ಡಾಲರಿನಲ್ಲಿ ಲಿಕ್ವಿಡೇಟರನ ಕೂಲಿ 72.50 ಮಾತ್ರ, ಮಿಕ್ಕ ಸುಮಾರು 169 ಡಾಲರ್, ಬೆಲೆ ಇಳಿದ ಗಳಿಗೆಯಲ್ಲಿ ಮಾಲು ಕೈಬಿಟ್ಟದ್ದರ ನಷ್ಟ. ಹೆಚ್ಚಿನ ಬರಹಗಳು ದಂಡದ ಮಾತಾಡುತ್ತವೆ, ಈ ಎರಡನೆಯದನ್ನು ಹೇಳುವುದಿಲ್ಲ. ಅಮ್ಮಿಯ ಬಳೆಗೂ ಇದೇ ಆಯಿತು: 2013ರ ಬೇಸಿಗೆಯಲ್ಲಿ ಇಳಿದಿದ್ದ ಬಂಗಾರ ಆಗಸ್ಟಿನ ಹೊತ್ತಿಗೆ, ರೂಪಾಯಿ ಕುಸಿದಾಗ, ನಮ್ಮ ದೇಶದಲ್ಲಿ ಮತ್ತೆ ಏರಿತು.

ನಮ್ಮ ಹುಡುಗನಿಗೆ ಆದದ್ದು ಹೆಚ್ಚೂಕಡಿಮೆ ಇದೇ ಲೆಕ್ಕ, ಮೊತ್ತ ಬೇರೆ. ಅಕ್ಟೋಬರ್ 10ರಂದು ಅಮೆರಿಕದ ಅಧ್ಯಕ್ಷರು ಚೀನಾದ ಸರಕಿನ ಮೇಲೆ ನೂರಕ್ಕೆ 100 ಹೆಚ್ಚುವರಿ ಸುಂಕ ಎಂದು ಘೋಷಿಸಿದರು. ನಮ್ಮ ಗಡಿಯಾರದಲ್ಲಿ ರಾತ್ರಿ ಎರಡೂವರೆ ಮೂರರ ಹೊತ್ತಿಗೆ ಕ್ರಿಪ್ಟೊ ಬೆಲೆಗಳು ಕುಸಿದವು. ಒಂದು ದಿನದಲ್ಲಿ ಜಗತ್ತಿನಾದ್ಯಂತ ಮುರಿದುಹೋದ ಸಾಲದ ವಹಿವಾಟುಗಳ ಮೊತ್ತ 1,900 ಕೋಟಿ ಡಾಲರಿಗೂ ಹೆಚ್ಚು ಎಂದು ವರದಿಯಾಯಿತು. ಅದರಲ್ಲಿ ಬಹುಪಾಲು ವಿನಿಮಯ ಕೇಂದ್ರಗಳ ಫ್ಯೂಚರ್ಸ್ ಜೂಜು, ಒತ್ತೆ ಸಾಲದ ಪಾಲು ಸಣ್ಣದು. ಆದರೆ ಬೆಲೆ ಎಲ್ಲರಿಗೂ ಒಂದೇ.

ಬೆಲೆ ಎಂದೆ. ಯಾರ ಬೆಲೆ? ಕೊಪ್ಪಳದ ಸರಾಫನ ಬೆಲೆ ಒಂದು, ಗಂಗಾವತಿಯದು ಇನ್ನೊಂದು ಇರಬಹುದು. ಸಾಲ ಕೊಟ್ಟವನು ಯಾವ ತಕ್ಕಡಿ ಹಿಡಿಯುತ್ತಾನೆ ಎಂಬುದರ ಮೇಲೆ ಎಲ್ಲ ನಿಂತಿದೆ. ಸ್ಮಾರ್ಟ್ ಕಾಂಟ್ರ್ಯಾಕ್ಟಿಗೆ ಹೊರಗಿನ ಪೇಟೆ ಕಾಣುವುದಿಲ್ಲ. ಅದಕ್ಕೆ ಬೆಲೆ ತಂದು ಹೇಳುವ ವ್ಯವಸ್ಥೆಗೆ ಒರಾಕಲ್ ಎಂದು ಹೆಸರು. 2020ರ ನವೆಂಬರ್ 26ರಂದು ಕಾಂಪೌಂಡ್ ಪೇಟೆಯಲ್ಲಿ ಒಂದು ವಿಚಿತ್ರ ನಡೆಯಿತು. ಡಾಯ್ ಎಂಬ, ಯಾವಾಗಲೂ ಒಂದು ಡಾಲರ್ ಇರಬೇಕಾದ ನಾಣ್ಯ ಒಂದು ವಿನಿಮಯ ಕೇಂದ್ರದಲ್ಲಿ ಸ್ವಲ್ಪ ಹೊತ್ತು 1.30 ಡಾಲರಿಗೆ ಜಿಗಿಯಿತು. ಒರಾಕಲ್ ಆ ಬೆಲೆಯನ್ನೇ ತಂದು ಹೇಳಿತು. ಡಾಯ್ ಸಾಲ ಪಡೆದಿದ್ದವರ ಸಾಲ ಕಾಗದದ ಮೇಲೆ ಒಮ್ಮೆಗೇ ಮೂರನೇ ಒಂದರಷ್ಟು ಉಬ್ಬಿತು. 8 ಕೋಟಿ ಡಾಲರಿಗೂ ಹೆಚ್ಚಿನ ಒತ್ತೆ ಹೋಯಿತು. ಸಾಲಗಾರರು ಏನೂ ತಪ್ಪು ಮಾಡಿರಲಿಲ್ಲ.

ಬಂಗಾರದ ಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ನಿಯಮ ಇದಕ್ಕೆ ಪಕ್ಕಾ ಉಲ್ಟಾ. 2025ರ ಜೂನ್ 6ರಂದು ಹೊರಬಂದ, 2026ರ ಏಪ್ರಿಲ್ 1ರೊಳಗೆ ಎಲ್ಲ ಬ್ಯಾಂಕು ಫೈನಾನ್ಸುಗಳೂ ಪಾಲಿಸಬೇಕಾದ ನಿರ್ದೇಶನದಲ್ಲಿ, ಒಡವೆಯ ಬೆಲೆ ಕಟ್ಟಲು ಹಿಂದಿನ 30 ದಿನದ ಸರಾಸರಿ ಮುಕ್ತಾಯ ಬೆಲೆ ಅಥವಾ ಹಿಂದಿನ ದಿನದ ಮುಕ್ತಾಯ ಬೆಲೆ, ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಬೆಲೆಯ ನೂರಕ್ಕೆ 85, ಐದು ಲಕ್ಷದವರೆಗೆ 80, ಅದರ ಮೇಲೆ 75 ಮಿತಿ. ಹರಾಜಿಗೆ ಮುಂಚೆ ನೋಟಿಸ್ ಕೊಡಬೇಕು, ಪತ್ರಿಕೆಯಲ್ಲಿ ಪ್ರಕಟಿಸಬೇಕು. ಹರಾಜಿನ ಕನಿಷ್ಠ ಬೆಲೆ ಆ ಹೊತ್ತಿನ ಬೆಲೆಯ ನೂರಕ್ಕೆ 90ಕ್ಕಿಂತ ಕಡಿಮೆ ಇಡುವಂತಿಲ್ಲ. ಎರಡು ಸಲ ಹರಾಜು ವಿಫಲವಾದರೆ ಮಾತ್ರ 85. ಉಳಿಕೆ ಹಣವನ್ನು ಏಳು ಕೆಲಸದ ದಿನಗಳಲ್ಲಿ ಹಿಂತಿರುಗಿಸಬೇಕು. ಸಾಲಗಾರನಿಗೆ ಬರೆಯುವುದನ್ನೆಲ್ಲ ಆ ಪ್ರದೇಶದ ಭಾಷೆಯಲ್ಲಿ ಅಥವಾ ಅವನು ಆರಿಸಿದ ಭಾಷೆಯಲ್ಲಿ ಬರೆಯಬೇಕು. ಈ ಕೊನೆಯ ಸಾಲನ್ನು ಅಬ್ಬಾನಿಗೆ ಓದಿ ಹೇಳಿದೆ. "ಈಗ ಬಂತೇನು" ಅಂದರು, ಅಷ್ಟೇ.

ಕನಿಷ್ಠ ಬೆಲೆ ಯಾಕೆ ಮುಖ್ಯ ಎಂದು ತಿಳಿಯಲು 2020ರ ಮಾರ್ಚ್ 12ರ ಕಥೆ ಕೇಳಬೇಕು. ಆ ಪೇಟೆಯವರು ಅದನ್ನು ಕರಾಳ ಗುರುವಾರ ಎನ್ನುತ್ತಾರೆ. ಹಿಂದಿನ ದಿನ ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಪಿಡುಗು ಎಂದು ಘೋಷಿಸಿತ್ತು. ಈಥರ್ ಒಂದೇ ದಿನದಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಬಿತ್ತು. ಮೇಕರ್‌ಡಾವ್‌ನಲ್ಲಿ ಆಗ ಸಾಲದ ಒಂದೂವರೆ ಪಟ್ಟು ಒತ್ತೆ ಇರಬೇಕಿತ್ತು, ಲಿಕ್ವಿಡೇಶನ್ ದಂಡ ನೂರಕ್ಕೆ 13, ಒತ್ತೆ ಹೋದರೆ ಹರಾಜು. ಹರಾಜಿನಲ್ಲಿ ಒಂದು ಬಿಡ್ ಬಂದ ಮೇಲೆ ಹತ್ತು ನಿಮಿಷದಲ್ಲಿ ಅದಕ್ಕಿಂತ ಹೆಚ್ಚಿನದು ಬರದಿದ್ದರೆ ಮಾಲು ಅವನದೇ. ಆ ದಿನ ಇಥೀರಿಯಂ ಜಾಲದಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿ ದಟ್ಟಣೆಯಾಯಿತು, ವಹಿವಾಟಿನ ಶುಲ್ಕ ಆಕಾಶಕ್ಕೇರಿತು, ಬಾಟ್‌ಗಳ ಬಿಡ್‌ಗಳು ದಾರಿಯಲ್ಲೇ ಸಿಕ್ಕಿಕೊಂಡವು. ಒಬ್ಬಿಬ್ಬರು ಇದನ್ನು ಕಂಡು ಸೊನ್ನೆ ಬಿಡ್ ಹಾಕಿದರು. ಎದುರಿಗೆ ಯಾರೂ ಇರಲಿಲ್ಲ. ಸುಮಾರು 83 ಲಕ್ಷ ಡಾಲರ್ ಬೆಲೆಯ ಈಥರ್ ಪುಕ್ಕಟೆ ಹೋಯಿತು. ಒತ್ತೆ ಇಟ್ಟವರಲ್ಲಿ ಕೆಲವರಿಗೆ ಉಳಿಕೆ ಎಂದು ಒಂದು ಪೈಸೆಯೂ ಬರಲಿಲ್ಲ. ವ್ಯವಸ್ಥೆಯ ಲೆಕ್ಕದಲ್ಲೂ 50 ಲಕ್ಷ ಡಾಲರಿಗೆ ಮೀರಿದ ಕೊರತೆ ಬಿತ್ತು. ಹೊಸ ಟೋಕನ್‌ಗಳನ್ನು ಹರಾಜು ಹಾಕಿ ಅದನ್ನು ತುಂಬಿದರು. ಆಮೇಲೆ ಅವರು ಮಾಡಿದ ಮೊದಲ ತಿದ್ದುಪಡಿಗಳಲ್ಲಿ ಒಂದು ಏನು ಗೊತ್ತೇ? ಹತ್ತು ನಿಮಿಷವನ್ನು ಆರು ಗಂಟೆ ಮಾಡಿದರು.

ಮಾರಾಟವೇ ಬೆಲೆಯನ್ನು ಬೀಳಿಸುವ ಸಂಗತಿ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿಯಲ್ಲಿ ಗಂಗಾವತಿ, ಕಾರಟಗಿಯ ಗಿರಣಿಗಳ ಮುಂದೆ ಭತ್ತದ ಟ್ರ್ಯಾಕ್ಟರ್ ಸಾಲು ನಿಂತ ದಿನ ದರ ಏನಾಗುತ್ತದೆ ಎಂದು ಗೊತ್ತಿದೆ. ಗೋದಾಮಿನಲ್ಲಿಟ್ಟು ರಸೀದಿಯ ಮೇಲೆ ಸಾಲ ಪಡೆದವನು ಮಾತ್ರ ಕಾಯಬಲ್ಲ. ಕ್ರಿಪ್ಟೊ ಪೇಟೆಯಲ್ಲಿ ಇದೇ ಸರಪಳಿ ಕ್ಷಣಗಳಲ್ಲಿ ಸುತ್ತುತ್ತದೆ. ಬೆಲೆ ಇಳಿಯಿತು, ಒಬ್ಬನ ಒತ್ತೆ ಹೋಯಿತು, ಬಾಟ್ ಅದನ್ನು ಕೂಡಲೇ ಮಾರಿತು, ಬೆಲೆ ಇನ್ನಷ್ಟು ಇಳಿಯಿತು, ಪಕ್ಕದವನ ಹೆಲ್ತ್ ಫ್ಯಾಕ್ಟರ್ 1ರ ಕೆಳಗೆ ಹೋಯಿತು. ನೀವು ಎಷ್ಟು ಜಾಗರೂಕರು ಎಂಬುದರ ಜೊತೆಗೆ ನಿಮ್ಮಂತೆ ಒತ್ತೆ ಇಟ್ಟ ಬೇರೆಯವರು ಎಷ್ಟು ಎಂಬುದೂ ಲೆಕ್ಕಕ್ಕೆ ಬರುತ್ತದೆ, ಅವರು ಯಾರೆಂದು ನಿಮಗೆ ಗೊತ್ತಿರುವುದಿಲ್ಲ.

ಇದನ್ನು ತರಗತಿಯಲ್ಲಿ ಹೇಳಿದಾಗ ಯಲಬುರ್ಗಾದ ವಿದ್ಯಾರ್ಥಿನಿಯೊಬ್ಬಳು, "ಸರ್, ಇದರಾಗ ಬಡ್ಡಿ ಐತೇನ್ರಿ?" ಎಂದು ಕೇಳಿದಳು. ಇದೆ. ಹುಂಡಿಯಲ್ಲಿ ಎಷ್ಟು ಪಾಲು ಸಾಲ ಹೋಗಿದೆ ಎಂಬುದರ ಮೇಲೆ ದರ ತಾನಾಗಿ ಏರಿಳಿಯುತ್ತದೆ. ಮಸ್‌ಅಲಾ ಏನೆಂದು ಉಲಮಾಗಳನ್ನು ಕೇಳಬೇಕು, ನನ್ನ ಕೆಲಸ ಲೆಕ್ಕದ್ದು. ಆದರೆ ದೀನಿಯಾತ್ ತರಗತಿಯಲ್ಲಿ ರಹ್ನ್ ಎಂಬ ಪದ ಕೇಳಿದವರಿಗೆ ಒಂದು ಮಾತು. ಒತ್ತೆಯ ಪ್ರಸ್ತಾಪ ಸೂರಃ ಅಲ್-ಬಕರಃದ 283ನೇ ಆಯತಿನಲ್ಲಿದೆ. ಅದಕ್ಕೆ ಸ್ವಲ್ಪ ಮೊದಲು, 280ರಲ್ಲಿ, ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಸಮಯ ಕೊಡಬೇಕೆಂದಿದೆ. ಕರಾರು ಅಧಿನಿಯಮ ಬರೆದವರು ಇಂಗ್ಲಿಷರು. ಅವರೂ ತಮ್ಮ ದಾರಿಯಲ್ಲಿ ಸಮಯದ ಮಾತಿಗೇ ಬಂದರು. ಪ್ರೋಗ್ರಾಮಿಗೆ ಮಾತ್ರ ಯಾರ ಕಷ್ಟವೂ ಕಾಣುವುದಿಲ್ಲ.

ಅದರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ಅದಕ್ಕೆ ಸಾಹುಕಾರ, ಬಡವ ಎಂಬ ಭೇದ ಗೊತ್ತಿಲ್ಲ. ಶಿಫಾರಸು ನಡೆಯುವುದಿಲ್ಲ. ಕೋಟಿ ಡಾಲರಿನ ಒತ್ತೆಯೂ ನೂರು ಡಾಲರಿನ ಒತ್ತೆಯೂ ಅದೇ ನಿಯಮಕ್ಕೆ ಬೀಳುತ್ತದೆ, ನಿಯಮ ಮುಂಚೆಯೇ ಎಲ್ಲರಿಗೂ ಕಾಣುವಂತೆ ಬರೆದಿರುತ್ತದೆ. ಬಂಗಾರದ ಸಾಲದ ಕಚೇರಿಗಳ ಬಗ್ಗೆ ಇದನ್ನು ಎದೆ ಮುಟ್ಟಿ ಹೇಳುವುದು ಕಷ್ಟ. ನಾನು ಮೂರು ಸಲ ಅಲೆದ ಉಳಿಕೆ ಹಣ ಅಲ್ಲಿ ಕೇಳದೆಯೇ ಖಾತೆಯಲ್ಲಿ ಇರುತ್ತದೆ. ನಮ್ಮ ಹುಡುಗನಿಗೂ ಮಿಕ್ಕದ್ದು ಹಾಗೇ ಸಿಕ್ಕಿತು.

ಅವನ ಪ್ರಶ್ನೆಗೆ ಉತ್ತರ: ಕಂಪ್ಲೇಂಟ್ ಕೊಡಲು ಯಾರೂ ಇಲ್ಲ. ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಯ ಮೇಲೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಈ ಪೇಟೆ ಅದರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ದೇಶದಲ್ಲಿ ಕ್ರಿಪ್ಟೊ ಕೊಳ್ಳುವುದು ಅಪರಾಧವಲ್ಲ. ಬ್ಯಾಂಕುಗಳು ಅದಕ್ಕೆ ಸೇವೆ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು, ಕರಾಳ ಗುರುವಾರಕ್ಕೆ ಸರಿಯಾಗಿ ಎಂಟು ದಿನ ಮೊದಲು. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ನೂರಕ್ಕೆ 30 ತೆರಿಗೆ ಇದೆ, ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಮಾಡುವಂತಿಲ್ಲ. ಸರ್ಕಾರ ತೆರಿಗೆ ಪಡೆಯುತ್ತದೆ ಎಂದ ಮಾತ್ರಕ್ಕೆ ರಕ್ಷಣೆ ಕೊಟ್ಟಿದೆ ಎಂದಲ್ಲ.

ಡಿಸೆಂಬರಿನಲ್ಲಿ ಅವನು ಊರಿಗೆ ಬಂದಾಗ ಕಾಲೇಜಿಗೂ ಬಂದಿದ್ದ. ಸ್ಟಾಫ್ ರೂಮಿನಲ್ಲಿ ಕೂತು ಉಳಿದ ಸಾಲದ ಲೆಕ್ಕ ಹಾಕಿದೆವು. ಯಾವ ಬೆಲೆಗೆ ಹೆಲ್ತ್ ಫ್ಯಾಕ್ಟರ್ 1 ಆಗುತ್ತದೆ ಎಂದು ಅವನು ಅದುವರೆಗೂ ಕಾಗದದ ಮೇಲೆ ಬರೆದು ನೋಡಿರಲೇ ಇಲ್ಲ. ಪರದೆಯ ಮೇಲೆ ಹಸಿರು ಬಣ್ಣ ಇತ್ತು, ಸಾಕು ಅಂದುಕೊಂಡಿದ್ದನಂತೆ. ಬರೆದು ನೋಡಿದ ಮೇಲೆ ಒಂದು ಪಾಲು ಈಥರ್ ಮಾರಿ, ತೆರಿಗೆ ಲೆಕ್ಕವನ್ನೂ ಪಕ್ಕಕ್ಕಿಟ್ಟು, ಸಾಲ ಪೂರ್ತಿ ತೀರಿಸಿದ. ನಿಕಾಹ್ ಜನವರಿಯಲ್ಲಿ ಆಯಿತು, ನಾನೂ ಹೋಗಿದ್ದೆ.

ಕೊನೆಗೆ ನಿಮಗೊಂದು ಲೆಕ್ಕ. ಒಬ್ಬ 3 ಈಥರ್ ಒತ್ತೆ ಇಟ್ಟಿದ್ದಾನೆ, ಬೆಲೆ ತಲಾ 3,000 ಡಾಲರ್. ಸಾಲ 5,400 ಡಾಲರ್, ಮಿತಿ ನೂರಕ್ಕೆ 80. ಮೊದಲನೆಯದು, ಈಥರ್ ಯಾವ ಬೆಲೆಗೆ ಇಳಿದರೆ ಅವನ ಹೆಲ್ತ್ ಫ್ಯಾಕ್ಟರ್ 1 ಆಗುತ್ತದೆ? ಎರಡನೆಯದು, 2020ರ ಮಾರ್ಚಿನಂತೆ ಬೆಲೆ ಒಂದೇ ದಿನದಲ್ಲಿ ನೂರಕ್ಕೆ 40 ಬಿದ್ದರೂ ಒತ್ತೆ ಉಳಿಯಬೇಕಾದರೆ ಅವನು ಅತಿ ಹೆಚ್ಚೆಂದರೆ ಎಷ್ಟು ಸಾಲ ಎತ್ತಬಹುದಿತ್ತು? ಉತ್ತರವನ್ನು ಹಂತ ಹಂತವಾಗಿ ಬರೆದು, ಹೆಸರು, ವಿಭಾಗ ಹಾಕಿ, ಗ್ರಂಥಾಲಯದ ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಹಾಕಿ. ವಿಜ್ಞಾನ, ಕಲಾ ವಿಭಾಗದವರೂ ಪ್ರಯತ್ನಿಸಬಹುದು. ಗುಣಾಕಾರ ಭಾಗಾಕಾರ ಬಿಟ್ಟು ಬೇರೇನೂ ಬೇಕಿಲ್ಲ.